ಬಿಪಿ ಮೇಜಿನ ಉದ್ದ ಸಾಲು

ಹಲವು ದೇಶದವರು, ಹತ್ತಾರು ಭಾಷೆಯವರು ಸೇರುವ ಚರ್ಚು ಅದು. ಪ್ರಾರ್ಥನೆ ಮೂರೇ ಭಾಷೆಗಳಲ್ಲಿ ನಡೆದರೂ ಗುಸುಗುಸು ಎಲ್ಲ ಭಾಷೆಗಳಲ್ಲೂ ನಡೆಯುತ್ತಿತ್ತು. ಅದರಲ್ಲಿ ಈ ಅಕ್ಕತಂಗಿಯರ ಜಗಳದ ಸುದ್ದಿಗೂ ಒಂದು ಪಾಲಿತ್ತು. ಅಕ್ಕ ಎಡಗಡೆಯ ಬೆಂಚಿನಲ್ಲಿ, ತಂಗಿ ಬಲಗಡೆ; ನಾಲ್ಕು ವರ್ಷದಿಂದ ಮಾತಿಲ್ಲ ಕತೆಯಿಲ್ಲ.

ಕಾರಣ ಚಿಕ್ಕದೇನಲ್ಲ. ತಾಯಿ ಬಿಪಿ ಏರಿ ಹಾಸಿಗೆ ಹಿಡಿದಾಗ ತಂಗಿ ತುಂಬು ಬಸುರಿ. ಗಾಬರಿಯಾದಾಳೆಂದು ಅಕ್ಕ ವಿಷಯ ಮುಚ್ಚಿಟ್ಟಳು. ತಂಗಿಗೆ ತಿಳಿಯುವಷ್ಟರಲ್ಲಿ ತಾಯಿ ತೀರಿ ಮಣ್ಣೂ ಆಗಿತ್ತು. ಒಳ್ಳೆಯದಕ್ಕೇ ಮಾಡಿದ್ದು, ನಿಜ. ಆದರೆ ಆ ಕೊನೆಯ ಮುಖವನ್ನು ಇನ್ನು ಯಾರು ತೋರಿಸಬೇಕು?

ಆ ಭಾನುವಾರ ಚರ್ಚಿನ ಹಿಂದಿನ ಹಾಲ್‌ನಲ್ಲಿ ಆರೋಗ್ಯ ತಪಾಸಣೆ. ಸ್ವಯಂಸೇವೆಗೆ ಬಂದ ತಂಗಿಗೆ ಬಿಪಿ ಮೇಜು ಸಿಕ್ಕಿತ್ತು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವುದು ಸುಲಭ; ಬಂದವರ ಬಾಯಿ ಮುಚ್ಚಿಸುವುದೇ ಕಷ್ಟ. ಮಾತಾಡಿದರೆ ಅಂಕಿ ಏರುತ್ತದೆ. ಭಾಷೆ ಬಾರದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಅದನ್ನು ನೋಡಿ ಒಬ್ಬ ಅಜ್ಜ ಉಸಿರನ್ನೂ ಬಿಗಿಹಿಡಿದು ಕೂತುಬಿಟ್ಟ. ಉಸಿರಾಡಬಹುದೆಂದು ಅವನಿಗೆ ತಿಳಿಸುವಷ್ಟರಲ್ಲಿ ಇವಳ ಬಿಪಿಯೇ ಏರಿತ್ತು.

ತಲೆಯೆತ್ತಿದರೆ ಸಾಲಿನ ಕೊನೆಯಲ್ಲಿ ಅಕ್ಕ. ಪಕ್ಕದಲ್ಲಿ ಆಗಷ್ಟೇ ತೆರೆದ ಇನ್ನೊಂದು ಬಿಪಿ ಮೇಜಿನ ನರ್ಸ್, "ಇಲ್ಲಿ ಖಾಲಿ ಇದೆ, ಬನ್ನಿ" ಎಂದು ಎರಡು ಸಲ ಕರೆದಳು. ಅಕ್ಕನಿಗೆ ಜಾಣಕಿವುಡು.

ಸರದಿ ಬಂದಾಗ ಅಕ್ಕ ಕೂತು ತೋಳು ಚಾಚಿದಳು. ಚಿಕ್ಕಂದಿನಲ್ಲಿ ತಂಗಿಯನ್ನು ಹೊತ್ತು ತಿರುಗಿದ ತೋಳು, ಈಗ ಬಡವಾಗಿತ್ತು.

"ನೋಡೇ..." ಎಂದಳು ಅಕ್ಕ.

"ಮಾತಾಡಬಾರದು," ಎಂದಳು ತಂಗಿ, ಬೆಳಗಿನಿಂದ ಆದ ರೂಢಿಯಂತೆ. ಇಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದೇ ಆಗಬೇಕೆ ಎಂದು ಅವಳಿಗೇ ನಾಚಿಕೆಯಾಯಿತು.

ಯಂತ್ರ ನೂರ ತೊಂಬತ್ತು ತೋರಿಸಿತು. ಹಾಗಾದರೆ ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಬೇಕು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರಿಗೆ ಆ ಐದು ನಿಮಿಷ ಮುಗಿಯುವಂತೆಯೇ ಕಾಣಲಿಲ್ಲ. ತಂಗಿ ಅಕ್ಕನ ಮುಖ ನೋಡಲಾರದೆ ಕೈ ನೋಡುತ್ತ ಕೂತಳು. ಥೇಟ್ ಅಮ್ಮನ ಕೈ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬರೀ ಭಯ ಉಳಿಯಿತು.

ಎರಡನೆಯ ಸಲವೂ ಅಂಕಿ ಇಳಿಯಲಿಲ್ಲ. ಡಾಕ್ಟರು ಬಂದು ವಿಚಾರಿಸಿದರು. ವಾರದಿಂದ ತಲೆನೋವಂತೆ, ಕಣ್ಣೂ ಮಂಜಂತೆ. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದರು.

"ಮನೇಲಿ ಯಾರಿಗೂ ಹೇಳಬೇಡ ಕಣೇ, ಸುಮ್ನೆ ಗಾಬರಿ ಆಗ್ತಾರೆ," ಎಂದಳು ಅಕ್ಕ.

ತಂಗಿಗೆ ಮೈಯೆಲ್ಲ ಉರಿಯಿತು. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂದಿದ್ದು ನಿನ್ನ ನೋಡೇ ಇರಬೇಕು. ಮತ್ತೆ ಮುಚ್ಚಿಡ್ತೀಯಾ?"

"ನಿನ್ನ ಹತ್ರ ಮುಚ್ಚಿಟ್ನಾ? ಆ ಮೇಜು ಖಾಲಿನೇ ಇತ್ತು. ಈ ಸಲ ಮೊದಲು ನಿನಗೇ ಗೊತ್ತಾಗಲಿ ಅಂತ ಇಲ್ಲಿ ನಿಂತೆ."

ತಂಗಿ ಪಟ್ಟಿ ಬಿಚ್ಚಿದಳು. ಮೇಜನ್ನು ನರ್ಸ್‌ಗೆ ಒಪ್ಪಿಸಿ ಅಕ್ಕನನ್ನು ಎಬ್ಬಿಸಿದಳು.

"ಭಾವನಿಗೆ ನಾನೇ ಫೋನ್ ಮಾಡ್ತೀನಿ."

"ಅವರಿಗ್ಯಾಕೆ ಈಗ..."

"ಮಾತಾಡಬಾರದು ಅಂದೆನಲ್ಲ ಅಕ್ಕಾ," ಎಂದಳು ತಂಗಿ, ಹಿಡಿದ ತೋಳು ಬಿಡದೆ.