ಹೊಲವಿಲ್ಲದ ಸಿನಿಮಾ

ಜೇವರ್ಗಿಯ ಭೀಮಾ ಚಿತ್ರ ಬಳಗದ ಸಿನಿಮಾಗಳನ್ನು ಜನ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಬಳಗದವರು ತರಿಸುವುದೆಲ್ಲ ಎಲ್ಲೆಲ್ಲಿಯದೋ ದೇಶದ ಸಣ್ಣ ಸಣ್ಣ ಸಿನಿಮಾಗಳು. ಹಾಡಿಲ್ಲ, ಹೊಡೆದಾಟವಿಲ್ಲ, ಕೆಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳು ಓಡುತ್ತಿರುತ್ತವೆ. ಅಷ್ಟು ಬೇಗ ಓದಿ ಮುಗಿಸುವವರು ಊರಲ್ಲಿ ಎಷ್ಟು ಮಂದಿ? ಅದಕ್ಕೇ ಪರದೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಮೈಕು ಕೊಟ್ಟು ಒಬ್ಬನನ್ನು ಕೂಡಿಸುತ್ತಾರೆ. ಪರದೆಯ ಮೇಲಿನವರು ಏನೇ ಅನ್ನಲಿ, ಅವನು ಅದನ್ನು ಊರ ಮಾತಿನಲ್ಲಿ ಅಂದುಬಿಡಬೇಕು. ಅವನಿಗೆ ‘ಹೇಳಾವ’ ಅಂತಲೇ ಹೆಸರು. ಒಂಬತ್ತು ವರ್ಷದಿಂದ ಹೇಳಾವ ಅಂದರೆ ಕಲ್ಯಾಣಕುಮಾರ.

ವಿಜಯಪುರ ರಸ್ತೆಯಲ್ಲಿ ಅವನದು ಫ್ಲೆಕ್ಸ್ ಬ್ಯಾನರಿನ ಅಂಗಡಿ. ಆರು ದಿನ ಯಾರ್ಯಾರದೋ ಹುಟ್ಟುಹಬ್ಬಕ್ಕೆ ಬ್ಯಾನರ್ ಮಾಡಿಕೊಂಡಿರುವ ಮನುಷ್ಯ ಭಾನುವಾರ ಮೈಕು ಹಿಡಿದನೆಂದರೆ ಬೇರೆಯೇ ಆಗುತ್ತಿದ್ದ. ಜಪಾನಿನ ಮುದುಕಿ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವವಳ ಹಾಗೆ ಮಾತಾಡುತ್ತಿದ್ದಳು. ರಷ್ಯಾದ ಗಂಡ ತನ್ನ ಹೆಂಡತಿಗೆ ‘ಏನಬೇ, ಚಹಾ ಮಾಡೀದೇನು’ ಅನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಮರುದಿನ ದಾರಿಯಲ್ಲಿ ಕಂಡವರೆಲ್ಲ, “ನಿನ್ನಿ ಭಾಳ ಛಂದ ಹೇಳಿದ್ರಿ” ಅನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ಅವನ ಇಡೀ ವಾರ ನಡೆಯುತ್ತಿತ್ತು.

ಒಂದು ಗುಟ್ಟು ಮಾತ್ರ ಅವನಿಗೂ ಅವನ ಹೆಂಡತಿ ಶಿವಗಂಗಾಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೆಳಗೆ ಓಡುವ ಆ ಅಕ್ಷರಗಳನ್ನು ಅವನೂ ಓದಲಾರ. ಮೂರು ಪದ ಕೂಡಿಸುವುದರೊಳಗೆ ಸಾಲೇ ಹೋಗಿಬಿಡುತ್ತಿತ್ತು. ಬಳಗದ ಕಾರ್ಯದರ್ಶಿ ಬಸವಂತರಾಯರು ಮೊದಲೇ ಬರೆದುಕೊಡುವ ಒಂದು ಪುಟದ ಸಾರಾಂಶ ಓದಿಕೊಳ್ಳುವುದು, ಆಮೇಲೆ ಪರದೆಯ ಮೇಲಿನ ಮುಖ ನೋಡಿ ಬಾಯಿಗೆ ಬಂದ ಮಾತು ಕಟ್ಟುವುದು, ಇಷ್ಟೇ ಅವನ ವಿದ್ಯೆ. ಸುಳ್ಳಾದರೂ ಅದು ಕೆಟ್ಟ ಸುಳ್ಳಾಗಿರಲಿಲ್ಲ. ಕೇಳಿದವರ ಕಣ್ಣುಗಳು ಒದ್ದೆಯಾಗುತ್ತಿದ್ದವು.

ಈ ಸಲ ಬಳಗ ಮೂರು ಭಾನುವಾರ ಮೂರು ಸಿನಿಮಾ ಇಟ್ಟಿತ್ತು. ಮೊದಲನೆಯದು ಜೇವರ್ಗಿಯಲ್ಲಿ, ಎರಡನೆಯದು ಅಫಜಲಪುರದಲ್ಲಿ, ಮೂರನೆಯದು ಆಳಂದದಲ್ಲಿ. ಹೈಸ್ಕೂಲಿನಿಂದ ನಿವೃತ್ತರಾದ ಬಸವಂತರಾಯರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಪಟ್ಟಿ ಓದಿದರು. “ಜೇವರ್ಗಿಯೊಳಗ ಇರಾನದ ಸಿನಿಮಾ. ಹೇಳಾವರು...” ಅಂದು ಕನ್ನಡಕ ಸರಿಮಾಡಿಕೊಂಡರು. “ನಿಶಾತ.”

ನಿಶಾತ ಅಂದರೆ ಬಳೆ ಅಂಗಡಿಯ ಮೆಹರಾಜಬೇಗಂ ಅವರ ಮಗಳು. ಮನೆಯಲ್ಲೇ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ಹುಡುಗಿ. ಬಳಗಕ್ಕೆ ಬಂದು ತಿಂಗಳೂ ಆಗಿರಲಿಲ್ಲ, ಕಲ್ಯಾಣಕುಮಾರ ಹೇಳುವುದನ್ನು ಇನ್ನೂ ಕೇಳಿರಲಿಲ್ಲ.

“ಯಾಕ್ರಿ ಸರ್,” ಅಂದ ಕಲ್ಯಾಣಕುಮಾರ, ನಗುತ್ತಲೇ. “ನನ್ನ ಗಂಟಲ ಕೆಟ್ಟದೇನು?”

“ಗಂಟಲ ಕೆಟ್ಟಿಲ್ಲಪ್ಪ. ಹೆಣ್ಮಕ್ಕಳ ದನೀನೂ ಒಂದಿಷ್ಟು ಕೇಳ್ಲಿ ಅಂತ. ಅಫಜಲಪುರ, ಆಳಂದ ಎರಡೂ ನಿಂದೇ.”

“ಆಗ್ಲಿ ಬಿಡ್ರಿ. ಹೊಸಬರು ಬರಬೇಕು,” ಅಂದ. ಬಾಯಿ ಹಾಗಂದಿತು. ಮನಸ್ಸು ಅನ್ನಲಿಲ್ಲ. ಅಫಜಲಪುರ, ಆಳಂದ ಇದ್ದರೇನು? ಅವನನ್ನು ದಾರಿಯಲ್ಲಿ ನಿಲ್ಲಿಸಿ ಛಂದ ಹೇಳಿದ್ರಿ ಅನ್ನುವ ಜನ ಇರುವುದು ಜೇವರ್ಗಿಯಲ್ಲಿ.

ಬ್ಯಾನರ್ ಮಾಡುವ ಕೆಲಸ ಎಂದಿನಂತೆ ಅವನಿಗೇ ಬಂತು. ಸಿನಿಮಾದ ಹೆಸರು ದೊಡ್ಡದಾಗಿ ಹಾಕಿದ, ಬಳಗದ ಹೆಸರು ಹಾಕಿದ, ಸಿನಿಮಾ ತೋರಿಸುವ ಹಾಲ್‌ನ ವಿಳಾಸ ಹಾಕಿದ. ನಿಶಾತಳ ಹೆಸರನ್ನು ಕೆಳಗಿನ ಮೂಲೆಯಲ್ಲಿಟ್ಟು ಒಂದಿಷ್ಟು ಸಣ್ಣದು ಮಾಡಿದ. ಚಹಾ ಕುಡಿದು ಬಂದು ಇನ್ನೊಂದಿಷ್ಟು ಸಣ್ಣದು ಮಾಡಿದ. ಊಟ ತಂದಿದ್ದ ಶಿವಗಂಗಾ ಕಂಪ್ಯೂಟರಿಗೆ ಮುಖ ಹಚ್ಚಿ ನೋಡಿದಳು.

“ಇದೇನ್ರಿ ಮೂಲ್ಯಾಗ, ಇರಿವಿ ಕುಂತಾದೇನು?”

“ಜಾಗ ಇಲ್ಲ ಅದಕ್ಕ.”

“ಜಾಗ ಬ್ಯಾನರಿನ್ಯಾಗ ಇಲ್ಲೋ, ನಿಮ್ಮ ಎದ್ಯಾಗ ಇಲ್ಲೋ?”

ಅವನು ಬುತ್ತಿ ಬಿಚ್ಚಿದ.

ಬ್ಯಾನರಿಗೆ ಚಿತ್ರ ತೆಗೆದುಕೊಳ್ಳಲೆಂದು ಸಿನಿಮಾದ ಪೆನ್‌ಡ್ರೈವ್ ಅವನ ಹತ್ತಿರವೇ ಇತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು ಕೂತು ನೋಡಿದ. ಈ ಸಲ ಸಾರಾಂಶದ ಪುಟವಿಲ್ಲ, ಕಣ್ಣಿಗೆ ಕಂಡಿದ್ದಷ್ಟೇ ಕಥೆ. ಇಬ್ಬರು ಅಣ್ಣತಮ್ಮಂದಿರು. ಇಬ್ಬರೂ ಭಟ್ಟಿಯಲ್ಲಿ ರೊಟ್ಟಿ ಸುಟ್ಟು ಮಾರುವವರು. ಒಂದೇ ಅಂಗಡಿಯ ನಡುವೆ ಇಟ್ಟಿಗೆಯ ಗೋಡೆ ಕಟ್ಟಿಕೊಂಡಿದ್ದಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೊನೆಗೆ ಅಣ್ಣ ಒಬ್ಬನೇ ಕೂತು ಏನೋ ಹೇಳಿಕೊಳ್ಳುತ್ತಾನೆ, ತಮ್ಮ ಗೋಡೆಯ ಆಚೆ ನಿಂತು ಕೇಳುತ್ತಾನೆ. ಕಲ್ಯಾಣಕುಮಾರನಿಗೆ ತಿಳಿಯದ್ದೇನೂ ಉಳಿಯಲಿಲ್ಲ. ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದಿದೆ ಅಂದರೆ ಅದರ ಬುಡದಲ್ಲಿ ಹೊಲ ಇರಲೇಬೇಕು. ಇರಾನವಾದರೇನು, ಪಕ್ಕದ ಊರು ಇಜೇರಿಯಾದರೇನು.

ಆಗಲೇ ಅವನ ತಲೆಯೊಳಗೆ ಆ ವಿಚಾರ ಬಂದದ್ದು. ಕೊನೆ ಗೊತ್ತಾದ ಸಿನಿಮಾ ನೋಡಲು ಯಾರು ಬರುತ್ತಾರೆ? ದೊಡ್ಡ ಊರುಗಳಲ್ಲಿ ಕೊನೆ ಹೇಳಿದವರ ಮೇಲೆ ಜನ ಜಗಳಕ್ಕೇ ಬೀಳುತ್ತಾರೆಂದು ಅವನು ಫೋನಿನಲ್ಲಿ ಓದಿದ್ದ.

ಬಸ್ ಸ್ಟ್ಯಾಂಡಿನ ಎದುರಿಗೆ ಖಾಜಾನ ಚಹಾದ ಅಂಗಡಿ. ಕಲ್ಯಾಣಕುಮಾರ ಅಲ್ಲಿ ಕೂತು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟ. ಎರಡು ಎಕರೆ ಹೊಲ, ಹೊಲದಲ್ಲಿ ಒಂದು ಬಾವಿ, ಅಣ್ಣ ಮೋಸದಿಂದ ಹಾಕಿಸಿಕೊಂಡ ಹೆಬ್ಬೆಟ್ಟು, ತಮ್ಮನ ಶಾಪ. ಹೇಳುತ್ತ ಹೇಳುತ್ತ ರಂಗೇರಿತು.

“ಕಡೀಕ ಏನಾತ್ರಿ ಭಾಯಿ?” ಖಾಜಾ ಸಾಣಿಗೆ ಹಿಡಿದವನು ಹಾಗೇ ನಿಂತಿದ್ದ.

“ಕಡೀಕ ಅಣ್ಣ ಅತ್ಕೊಂತ ತಮ್ಮನ ಪಾಲು ತಮ್ಮಗ ಕೊಡ್ತಾನ.”

“ಎಷ್ಟ ಕೊಟ್ಟ?” ತಲೆಗೆ ದೊಡ್ಡ ಪಟಗ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಮುದುಕನೊಬ್ಬ ಕೇಳಿದ. “ಬಾವಿ ಯಾರ ಕಡಿ ಹೋತು?”

“ಅರ್ಧ ಅರ್ಧ. ಬಾವಿ ಇಬ್ಬರ್ದೂ.”

ಎರಡು ದಿನ ಮೂರು ಕಡೆ ಹೀಗೆ ಹೇಳಿ, ಇನ್ನು ಹಾಲ್ ಖಾಲಿಯೆಂದು ಅವನು ನೆಮ್ಮದಿಯಿಂದಿದ್ದ.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹಾಲ್‌ನ ಮುಂದೆ ಚಪ್ಪಲಿ ಇಡಲು ಜಾಗವಿರಲಿಲ್ಲ. ಬೆಳಕು ಬರದ ಹಾಗೆ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು; ಒಳಗಿನ ಸೆಕೆಯಲ್ಲೇ ಜನ ಒತ್ತಿಕೊಂಡು ಕೂತಿದ್ದರು. ಕಲ್ಯಾಣಕುಮಾರ ಒಂದು ಸಂಗತಿ ಮರೆತಿದ್ದ. ಈ ಸೀಮೆಯ ಜನ ಬಯಲಾಟಕ್ಕೆ ಕಥೆ ಗೊತ್ತಿಲ್ಲವೆಂದು ಹೋದವರಲ್ಲ. ಗೊತ್ತಿರುವ ಕಥೆಯನ್ನು ಇವರು ಹೇಗೆ ಆಡುತ್ತಾರೆ ನೋಡೋಣ ಅಂತಲೇ ಹೋದವರು. ಅದರ ಮೇಲೆ ಈ ಕಥೆಯಲ್ಲಿ ಹೊಲವಿತ್ತು. ಪಟಗದ ಮುದುಕ ಅತನೂರಿನಿಂದ ತನ್ನ ದಾಯಾದಿಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದಿದ್ದ, ಬಾವಿ ಹಂಚುವುದನ್ನು ಅವರೂ ಕಣ್ಣಾರೆ ನೋಡಲೆಂದು.

ಇಷ್ಟು ಮಂದಿ ಅವನು ಮೈಕು ಹಿಡಿದ ದಿನ ಎಂದೂ ಬಂದಿರಲಿಲ್ಲ. ಕಲ್ಯಾಣಕುಮಾರ ಹಿಂದಿನ ಗೋಡೆಗೆ ಆತು ಕೂತ.

ನಿಶಾತ ಶುರುಮಾಡಿದಳು. ದನಿ ಸಣ್ಣದು. ಒಬ್ಬೊಬ್ಬರಿಗೆ ಒಂದೊಂದು ದನಿ ಮಾಡುವುದಿಲ್ಲ, ನಗಿಸುವುದಿಲ್ಲ. ಪರದೆಯ ಮೇಲಿನವರು ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತಾಳೆ. ‘ಇದೇನು ಹೇಳೋದು, ಅರ್ಧ ಹೊತ್ತು ಬಾಯಿ ಮುಚ್ಚಿಕೊಂಡೇ ಕೂತಾಳ’ ಅಂದುಕೊಂಡ. ಆದರೂ ಸಭೆ ಮಿಸುಕಲಿಲ್ಲ. ಅದೇ ಅವನನ್ನು ಸುಟ್ಟಿತು.

ಒಂದು ಗಂಟೆಯಾದ ಮೇಲೆ ಮುದುಕ ಕೆಮ್ಮಿದ. “ಹೊಲ ಯಾವಾಗ ಬರ್ತದವ್ವಾ?”

“ಯಾವ ಹೊಲಾರಿ?”

“ಎರಡ ಎಕರೆದು. ಬಾವಿ ಇದ್ದದ್ದು.”

“ಇದರಾಗ ಹೊಲ ಇಲ್ರಿ ಕಾಕಾ.”

ಗದ್ದಲವೆದ್ದಿತು. ಹೊಲ ಇಲ್ಲದೆ ಗೋಡೆ ಯಾಕ ಕಟ್ಟಿದ್ರು ಅಂತ ಒಬ್ಬ. ಈಕಿಗಿ ಓದ್ಲಿಕ್ಕಿ ಬರಂಗಿಲ್ಲ ಅಂತ ಇನ್ನೊಬ್ಬ. “ಕಲ್ಯಾಣಣ್ಣ ಸುಳ್ಳ ಹೇಳ್ತಾನೇನು? ಒಂಬತ್ತ ವರ್ಷ ಆತು ಅವ ಹೇಳಾಕತ್ತಿ,” ಅಂದ ಖಾಜಾ. ಬಸವಂತರಾಯರು ಸಿನಿಮಾ ನಿಲ್ಲಿಸಿದರು. ತಲೆಗಳೆಲ್ಲ ಹಿಂದಿನ ಗೋಡೆಯ ಕಡೆ ತಿರುಗಿದವು.

ಎಷ್ಟು ಸವಿಯಾಗಿತ್ತು ಆ ಗಳಿಗೆ. ಕಲ್ಯಾಣಕುಮಾರ ಅದನ್ನು ಬೆಲ್ಲದ ಹಾಗೆ ನಾಲಗೆಯ ಮೇಲಿಟ್ಟುಕೊಂಡ.

ನಿಶಾತ ಕುರ್ಚಿಯಿಂದ ಎದ್ದಳು. ಮುಖ ಕೆಂಪಾಗಿತ್ತು. “ಅಣ್ಣಾ, ನೀವು ನೋಡೀರಿ. ಹೊಲದ ಮಾತು ಎಲ್ಲಿ ಬಂತು, ನನಗ ತಿಳೀಲಿಲ್ಲ. ನನ್ನಿಂದ ತಪ್ಪಾಗ್ಯಾದ ಕಾಣ್ತದ.” ಮೈಕು ಮುಂದೆ ಚಾಚಿದಳು. “ಬರ್ರಿ, ನೀವೇ ಹೇಳ್ರಿ.”

ಚುಚ್ಚಿ ಆಡಿದ ಮಾತಲ್ಲ. ಅವಳು ನಿಜವಾಗಿಯೂ ತನ್ನದೇ ತಪ್ಪು ಅಂದುಕೊಂಡಿದ್ದಳು. ಇಲ್ಲ ಅನ್ನಲು ಅವನಿಗೆ ಆಗಲಿಲ್ಲ, ಅನ್ನುವ ಮನಸ್ಸೂ ಇರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಮೈಕು ತೆಗೆದುಕೊಂಡ. ಕೈಯಲ್ಲಿ ಅದರ ಭಾರ ಕೂತ ಕೂಡಲೇ ಎದೆ ಅಗಲವಾಯಿತು. ಯಾರೋ ಚಪ್ಪಾಳೆ ಹೊಡೆದರು.

ಸಿನಿಮಾ ಮತ್ತೆ ಶುರುವಾಯಿತು. ಅಣ್ಣನೊಬ್ಬನೇ ಭಟ್ಟಿಯ ಮುಂದೆ ಕೂತಿದ್ದ. ಕಲ್ಯಾಣಕುಮಾರ ಗಂಟಲು ಸರಿಮಾಡಿಕೊಂಡ. ಎರಡು ಎಕರೆ, ಬಾವಿ, ಹೆಬ್ಬೆಟ್ಟು, ಎಲ್ಲವೂ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ನಿಶಾತ ನೆಲಕ್ಕೆ ಕೂತು ಪರದೆಯನ್ನೇ ನೋಡುತ್ತಿದ್ದಳು. ಬರುವ ಪ್ರತಿ ಸಾಲನ್ನೂ ಅವಳು ಓದುತ್ತಾಳೆ. ಅವನು ಕಟ್ಟುವ ಪ್ರತಿ ಮಾತೂ ಅವಳಿಗೆ ಗೊತ್ತಾಗುತ್ತದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಪಕ್ಕದಲ್ಲಿ ಓದು ಬಲ್ಲವರೊಬ್ಬರು ಕೂತಿದ್ದರು.

ಪರದೆಯ ಮೇಲೆ ಅಣ್ಣನ ತುಟಿ ಅಲುಗಿತು. ಒಂದೇ ಸಾಲು. ಕಲ್ಯಾಣಕುಮಾರನ ಬಾಯಿ ತೆರೆದದ್ದು ತೆರೆದೇ ಇತ್ತು.

ಕೆಳಕ್ಕೆ ಬಾಗಿ ಮೆಲ್ಲಗೆ ಕೇಳಿದ, “ಏನಂದ ಅವ?”

“‘ಅವನ ರೊಟ್ಟಿ ಉಬ್ಬತಿತ್ತು’ ಅಂದ. ‘ನಂದು ಉಬ್ಬತಿರಲಿಲ್ಲ.’”

ಮೈಕು ಅವನ ಕೈಯಲ್ಲೇ ಇತ್ತು. ಇಬ್ಬರ ಮಾತೂ ಹಾಲ್‌ಗೆಲ್ಲ ಕೇಳಿಸಿತ್ತು. ಹೇಳಾವನೇ ‘ಏನಂದ’ ಅಂತ ಕೇಳಿದ್ದೂ ಕೇಳಿಸಿತ್ತು. ಒಂದಿಬ್ಬರು ಕಿಸಕ್ಕೆಂದರು. ಆಮೇಲೆ ಮುಂದಿನ ಸಾಲಿನಿಂದ ನಿಂಬೆವ್ವ, ಖಾನಾವಳಿಗೆ ದಿನಾ ನೂರು ಜೋಳದ ರೊಟ್ಟಿ ಬಡಿದು ಕೊಡುವ ಮುದುಕಿ, ತನ್ನಷ್ಟಕ್ಕೆ ತಾನು ಅಂದಳು: “ಹೌದಪಾ. ಇದು ಖರೇ ಮಾತು. ನಮ್ಮ ಮೈದುನನ ಹೆಣ್ತಿ ರೊಟ್ಟಿ ಉಬ್ಬಿದಾಗೆಲ್ಲ ನನ್ನ ಎದಿ ಉರದಾದ.”

ಯಾರೂ ನಗಲಿಲ್ಲ. ಪಟಗದ ಮುದುಕ ಹೊಲ ಕೇಳುವುದನ್ನು ಬಿಟ್ಟು ತನ್ನ ದಾಯಾದಿಯೊಬ್ಬನನ್ನು ಓರೆಗಣ್ಣಿನಿಂದ ನೋಡಿದ.

ಕಲ್ಯಾಣಕುಮಾರನೂ ಪರದೆಯ ಮೇಲಿನ ಅಣ್ಣನ ಆ ಮುಖವನ್ನು ಅಂಗಡಿಯಲ್ಲಿ ಕೂತು ನೋಡಿದ್ದ. ಎಲ್ಲ ಮುಖ ಓದಬಲ್ಲೆ ಅಂದುಕೊಂಡವನಿಗೆ ಅದೊಂದು ಮುಖ ತಿಳಿದಿರಲಿಲ್ಲ. “ಹೊಲ ಇಲ್ರಿ ಇದರಾಗ,” ಅಂದ ಮೈಕಿನಲ್ಲಿ. “ಹೊಲ ನಾ ಹಾಕಿದ್ದು. ಆಕಿ ಹೇಳೋದೇ ಖರೇ.”

ಹಾಗೆಂದು ಮೈಕು ಕೊಟ್ಟುಬಿಟ್ಟನೇ? ಇಲ್ಲ. ಕೈ ಕೇಳಲಿಲ್ಲ. ಕುರ್ಚಿ ಅವಳಿಗೆ ಬಿಟ್ಟು ತಾನು ಪಕ್ಕದಲ್ಲಿ ನಿಂತು, ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದ. ಉಳಿದ ಕಾಲು ಗಂಟೆ ಹಾಗೇ ಹಿಡಿದು ನಿಂತ. ಅವಳು ಸುಮ್ಮನಿದ್ದಾಗ ಮೈಕಿನಲ್ಲಿ ಅವಳ ಉಸಿರು ಕೇಳುತ್ತಿತ್ತು. ಇಡೀ ಹಾಲ್ ಆ ಉಸಿರಿಗೆ ಕಾಯುತ್ತಿತ್ತು. ಅಂಥ ಕಡೆಗಳಲ್ಲೆಲ್ಲ ಒಂಬತ್ತು ವರ್ಷ ತಾನು ಮಾತು ತುಂಬಿದ್ದು ಅವನಿಗೆ ಒಂದೊಂದಾಗಿ ನೆನಪಾಯಿತು. ಸುಮ್ಮನಿರುವುದು ಇಷ್ಟು ಸಣ್ಣ ವಯಸ್ಸಿನ ಇವಳಿಗೆ ಹೇಗೆ ಬಂತು? ಹೊಟ್ಟೆ ಉರಿಯಿತು. ತೋಳು ಸೋತಿತು. ಕೈ ಬದಲಿಸಲಿಲ್ಲ.

ಮುಗಿದ ಮೇಲೆ ಜನ ಅವಳನ್ನು ಮುತ್ತಿಕೊಂಡರು. ಅವನ ಹತ್ತಿರ ಬಂದವನು ಖಾಜಾ ಒಬ್ಬನೇ. “ಹೊಲ ಭಾಳ ಛಂದಿತ್ತು ಭಾಯಿ,” ಅಂದ. “ಬಾವಿ ಇನ್ನೂ ಛಂದಿತ್ತು.” ಹಂಗಿಸಿದನೋ ಮೆಚ್ಚಿದನೋ ತಿಳಿಯಲಿಲ್ಲ.

ಬಸವಂತರಾಯರು ಕಂಬಳಿ ಬಿಚ್ಚುತ್ತ ಕೇಳಿದರು, “ಮುಂದಿನ ವಾರ ಅಫಜಲಪುರ. ಹ್ಯಾಂಗ ಮಾಡಮು?”

“ನಾನೇ ಹೇಳಾವ,” ಅಂದ ಕಲ್ಯಾಣಕುಮಾರ, ತಡಮಾಡದೆ. ರಾಯರು ಕಂಬಳಿ ಮಡಚತೊಡಗಿದರು. ನಿಶಾತ ವೈರು ಸುತ್ತುತ್ತಿದ್ದಳು. ಅವನು ಅವಳ ಹತ್ತಿರ ಹೋಗಿ, ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅಂದ: “ನೀನೂ ಬಾರವಾ. ನನ್ನ ಬಾಜೂಕ ಕೂಡು. ಅವರು ಏನೇನಂತಾರ, ನನಗ ಹೇಳು.”

ಅವಳು ವೈರು ಸುತ್ತುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

“ಮೈಕಿನ್ಯಾಗ ಹೇಳ್ಲೇನ್ರಿ ಅಣ್ಣಾ, ಕಿವ್ಯಾಗ ಹೇಳ್ಲೇನ್ರಿ?”

‘ಮೈಕಿನ್ಯಾಗ’ ಅನ್ನಬೇಕೆಂದು ಅವನಿಗೆ ಗೊತ್ತಿತ್ತು.

“ಕಿವ್ಯಾಗ,” ಅಂದ.