ಇಪ್ಪತ್ತೊಂಬತ್ತು ಅಕ್ಷರ

ಅಪ್ಪ ತೀರಿಕೊಂಡ ಸುದ್ದಿಯನ್ನು ಸೋನಲ ಮೊಬೈಲಿನಲ್ಲಿ ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ಅಕ್ಷರ ಎಣಿಸತೊಡಗಿದ್ದಳು. ಇನ್ನೂರ ಎಪ್ಪತ್ತಾರು. ಕೆಲಸದ ಚಟ ಎಂಥ ಹೊತ್ತಿನಲ್ಲೂ ಬಿಡುವುದಿಲ್ಲ.

ಇಚಲಕರಂಜಿಯ ಸುದ್ದಿಪುಟವೊಂದರ ಕಚೇರಿಯಲ್ಲಿ ಮೂರು ವರ್ಷದಿಂದ ಅವಳದು ಇದೇ ಕೆಲಸ. ಹುಟ್ಟುಹಬ್ಬ, ಸತ್ಕಾರ, ನಿಧನ, ಯಾವುದೇ ಬರಲಿ, ಉದ್ದ ನೋಡಿ ಕತ್ತರಿಸಿ ಹಾಕಬೇಕು. ಫೇಸ್‌ಬುಕ್ಕಿಗೆ ಎಷ್ಟು ಬರೆದರೂ ನಡೆಯುತ್ತದೆ, ಟ್ವಿಟರಿನಲ್ಲಿ ಇನ್ನೂರ ಎಂಬತ್ತು ಅಕ್ಷರ ದಾಟುವಂತಿಲ್ಲ. ಎರಡೆರಡು ಸಲ ಬರೆಯುವ ರಗಳೆ ಬೇಡವೆಂದು ಎಲ್ಲದಕ್ಕೂ ಇನ್ನೂರ ಎಂಬತ್ತರ ಒಂದೇ ಅಳತೆ. ಇವತ್ತು ಭಾನುವಾರ, ಅವಳಿಗೆ ರಜೆ. ಕಚೇರಿಯಲ್ಲಿ ಋತುಜಾ ಒಬ್ಬಳೇ ಇದ್ದಳು.

ಅವಳು ಹಾಕಿದ್ದ ಅಪ್ಪನ ಸುದ್ದಿ ಮರಾಠಿಯ ಎಲ್ಲ ನಿಧನವಾರ್ತೆಯಂತೆಯೇ ಇತ್ತು. ಗಡಹಿಂಗ್ಲಜದ ಭೀಮಗೊಂಡ ಪಾಟೀಲರು ಬೆಳಿಗ್ಗೆ ನಿಧನರಾದರು. ಅಂತ್ಯಯಾತ್ರೆ ಮಧ್ಯಾಹ್ನ ಎರಡಕ್ಕೆ. ಅವರ ಪಶ್ಚಾತ್ ಪತ್ನಿ, ಒಬ್ಬ ಮಗ, ಸೊಸೆ, ಮೊಮ್ಮಗ ಎಂಬ ಪರಿವಾರವಿದೆ. ಅಷ್ಟೇ. ಮಗಳಿಲ್ಲ.

ಗಂಡ ತಾನಾಜಿ ಅವಳ ಕೈಯಿಂದ ಮೊಬೈಲು ತೆಗೆದುಕೊಂಡು ಓದಿದ. ಗೋಡೆಯ ಮೊಳೆಯಿಂದ ಬೈಕಿನ ಕೀಲಿ ತೆಗೆದ. "ಚಲ, ಗಾಡಿ ಕಾಢತೋ."

"ಎಲ್ಲಿಗೆ? ಒಬ್ಬ ಮಗ ಅಂತ ಬರ್ಸ್ಯಾರ. ನಾ ಅವರಿಗೆ ಏನೂ ಅಲ್ಲ."

"ಅಪ್ಪ ಹೋಗ್ಯಾನ ನಿಂದು," ಎಂದ ಅವನು, ಹೆಂಡತಿಯಿಂದ ಕಲಿತ ಅರೆಬರೆ ಕನ್ನಡದಲ್ಲಿ.

"ಹೋದ್ರ ಬಾಗಲಾ ಹಾಕ್ತಾರ. ನಿಮ್ಮನ್ನ ಎಲ್ಲಾರ ಮುಂದ ಅಂಗಳದಾಗ ನಿಲ್ಲಸ್ತಾರ. ಅದನ್ನ ನೋಡೂ ತಾಕತ್ತ ನನಗಿಲ್ರಿ."

ಜೈನರ ಮನೆಯ ಹುಡುಗಿ ಇಚಲಕರಂಜಿಯ ಶಹಾಪುರದ ಮಗ್ಗದ ಕೆಲಸಗಾರನನ್ನು ಮದುವೆಯಾಗಿ ಆರು ವರ್ಷವಾಗಿತ್ತು, ಒಂದು ಹೆಣ್ಣುಕೂಸೂ ಹುಟ್ಟಿತ್ತು. ಅಂದಿನಿಂದ ತವರಿನ ಫೋನಿಲ್ಲ, ಇವಳ ನಂಬರೂ ಬದಲಾಗಿತ್ತು. ಅಪ್ಪ ತನ್ನನ್ನು ಲೆಕ್ಕದಿಂದ ತೆಗೆದಿದ್ದಾನೆ ಎಂದು ಅವಳು ಆರೂ ವರ್ಷ ನಂಬಿಕೊಂಡೇ ಬಂದಿದ್ದಳು, ಈಗ ಅದನ್ನೇ ಬರೆದು ಕೊಟ್ಟಂತಾಯಿತು. ಬೇರೆ ಯಾರ ಮನೆಯದಾಗಿದ್ದರೂ ಮೂಲ ಬರಹ ಕಳಿಸು ಎಂದು ಋತುಜಾಳಿಗೆ ಫೋನು ಮಾಡುತ್ತಿದ್ದಳೇನೋ. ಅವತ್ತು ಬುದ್ಧಿಯೇ ಓಡಲಿಲ್ಲ. ಅಡಿಗೆಮನೆಯ ಕಟ್ಟೆಗೆ ಒರಗಿ ಕುಳಿತವಳು ಎರಡು ಹೊಡೆಯುವುದನ್ನು ನೋಡಿದಳು, ನಾಲ್ಕು ಹೊಡೆಯುವುದನ್ನೂ ನೋಡಿದಳು. ತಾನಾಜಿ ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡೇ ಬಾಗಿಲ ಬಳಿ ಕತ್ತಲಾಗುವತನಕ ಕೂತಿದ್ದ.

ಮರುದಿನ ಅವಳು ಕೆಲಸಕ್ಕೆ ಹೋದಳು. ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತಿತ್ತು. ಮಧ್ಯಾಹ್ನದ ಮೇಲೆ ಹಿಂದಿನ ದಿನದ ಫೈಲುಗಳನ್ನು ತಾಳೆ ನೋಡುವುದು ಅವಳ ರೂಢಿ. ಕಳಿಸಿದವರ ಬರಹ ಎಡಕ್ಕೆ, ಹಾಕಿದ್ದು ಬಲಕ್ಕೆ, ಕೆಳಗೆ ಎರಡರ ಉದ್ದ. ಒಂಬತ್ತನೆಯ ಫೈಲಿನಲ್ಲಿ ಅಪ್ಪನ ಫೋಟೋ ಬಂತು. ಬಲಕ್ಕೆ ಇನ್ನೂರ ಎಪ್ಪತ್ತಾರು. ಎಡಕ್ಕೆ ಮುನ್ನೂರ ಐದು.

ಪತ್ನಿ, ಒಬ್ಬ ಮಗ, ಸೊಸೆ, ಒಬ್ಬ ವಿವಾಹಿತ ಮಗಳು, ಅಳಿಯ, ಮೊಮ್ಮಗಳು, ಮೊಮ್ಮಗ.

ಅವಳು ಪರದೆಯ ಮೇಲೆ ಬೆರಳಿಟ್ಟು ಓದಿದಳು. ಮಗಳು ಇದ್ದಳು. ತಾನಾಜಿ ಇದ್ದ. ಆ ಮನೆಯವರು ಒಮ್ಮೆಯೂ ಎತ್ತಿಕೊಂಡಿರದ ತನ್ನ ಕೂಸೂ ಇತ್ತು. ಮೂವರೂ ಸೇರಿ ಇಪ್ಪತ್ತೊಂಬತ್ತು ಅಕ್ಷರ.

"ಋತುಜಾ, ಈ ಗಡಹಿಂಗ್ಲಜದ್ದು ನೀ ಕಡಿಮಿ ಮಾಡಿದ್ಯೇನ?"

"ಹೌದ್ರಿ ಅಕ್ಕಾರ. ಇಪ್ಪತ್ತೈದ ಹೆಚ್ಚಾಗಿತ್ರಿ." ಋತುಜಾ ತಲೆ ಎತ್ತಲಿಲ್ಲ, ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದ ಚೀಟಿ ತೋರಿಸಿದಳು. "ಇದರಾಗ ಇದ್ದಂಗನ ಮಾಡೇನಿ."

ಚೀಟಿಯಲ್ಲಿದ್ದುದು ಸೋನಲಳದೇ ಅಕ್ಷರ. ಹೊತ್ತು, ಜಾಗ ಮುಟ್ಟಬಾರದು. ಉದ್ದವಾದರೆ ಮೊದಲು ವಿವಾಹಿತ ಹೆಣ್ಣುಮಕ್ಕಳು, ಅಳಿಯಂದಿರು, ಅವರ ಮಕ್ಕಳನ್ನು ತೆಗೆಯುವುದು. ಕೊಟ್ಟ ಮನೆಯವರು ಹೇಗೂ ತಮ್ಮ ಕಡೆಯಿಂದ ಬೇರೆ ಹಾಕಿಸುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ ಎಂದು ಅವಳೇ ಕಲಿಸಿದ್ದಳು. ಮೂರು ವರ್ಷದಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ಹೀಗೆ ತೆಗೆದಿದ್ದಳೋ, ಎಣಿಸಿರಲಿಲ್ಲ.

"ಏನರ ತಪ್ಪ ಆತೇನ್ರಿ?"

"ಇಲ್ಲವಾ. ಬರೋಬರಿ ಮಾಡಿದಿ."

ಬರಹದ ಕೊನೆಯಲ್ಲಿ ತಮ್ಮ ಸಮ್ಮೇದನ ನಂಬರಿತ್ತು. ಅವಳು ಮೆಟ್ಟಿಲ ಬಳಿ ಹೋಗಿ ಫೋನು ಹಚ್ಚಿದಳು. ಅವನು ದನಿಯಿಂದಲೇ ಗುರುತು ಹಿಡಿದ.

"ಯಾಕ ಬರಲಿಲ್ಲ ಅಕ್ಕಾ?"

ಅವಳು ಮೆಟ್ಟಿಲ ಮೇಲೆ ಕೂತಳು. ಅವನೇ ಮುಂದುವರಿಸಿದ.

"ನಿನ್ನ ನಂಬರ್ ಇರಲಿಲ್ಲ. ನೀ ಆ ಆಫೀಸಿನ್ಯಾಗ ಅದಿ ಅಂತ ಗೊತ್ತಿತ್ತು, ಅದಕ್ಕ ಅಲ್ಲೇ ಕಳಿಸಿದ್ದೆ. ಮಂದಿ ಕೈಯಾಗ ಹೇಳಿ ಕಳಸೂದ ಬ್ಯಾಡ, ಮಗಳು ಅಂತ ಬರಿ, ಅಳಿಯಾನ್ನೂ ಬರಿ, ಓದಿ ತಾನ ಬರ್ತಾಳ ಅಂದ್ಲು ಅವ್ವ. ಎರಡಕ್ಕ ಎತ್ತಬೇಕಿತ್ತು. ನಮ್ಮ ಮಂದ್ಯಾಗ ಅಷ್ಟ ಹೊತ್ತ ಇಡೂದಿಲ್ಲ, ನಿನಗ ಗೊತ್ತಲ್ಲ. ಹಿರ್ಯಾರು ಭಾಳ ಬೈದ್ರು. ಅವ್ವ ಬಾಗಲದಾಗ ಅಡ್ಡ ಕುಂತ್ಲು, ಎತ್ತಾಕ ಬಿಡಲಿಲ್ಲ. ಕಡೀಕ ಹೊತ್ತ ಮುಳಗಾಕ ಬಂತು, ಮುಳುಗಿದ ಮ್ಯಾಲ ಸುಡಾಂಗಿಲ್ಲ, ಎತ್ತಿದ್ವಿ. ನೀ ಓದಲಿಲ್ಲೇನ?"

ಇನ್ನೂರ ಎಂಬತ್ತರ ಕಥೆ, ಚೀಟಿಯ ಕಥೆ ಎಲ್ಲವೂ ಅವಳ ನಾಲಗೆಯ ತುದಿಗೆ ಬಂದವು. ಸತ್ತ ಮನೆಯಲ್ಲಿ ನಿಂತವನಿಗೆ ಅದನ್ನು ಹೇಗೆ ಹೇಳುವುದು?

"ಇಲ್ಲ," ಎಂದಳು. "ನಿನ್ನೆ ನನಗ ಸೂಟಿ ಇತ್ತು."

ಅತ್ತ ಫೋನು ಕೈ ಬದಲಾಯಿತು. ಅವ್ವ ಹೀರಾಬಾಯಿ ಅಳಲೂ ಇಲ್ಲ, ಬೈಯಲೂ ಇಲ್ಲ. "ಉಂಡಿಯೇನವಾ?" ಎಂದಳು.

"ಇಲ್ಲ ಅವ್ವಾ."

"ನಾನೂ ಇಲ್ಲ. ಹೊತ್ತ ಮುಳಗಿದ ಮ್ಯಾಲ ಉಣ್ಣಾಂಗಿಲ್ಲ, ಇವತ್ತರ ಮುಳಗೂದ್ರಾಗ ಬಾ. ಒಬ್ಬಾಕಿನ ಬರಬ್ಯಾಡ."

ಗಂಟೆ ಮೂರೂ ಮುಕ್ಕಾಲು. ಗಡಹಿಂಗ್ಲಜಕ್ಕೆ ಏನಿಲ್ಲವೆಂದರೂ ಎರಡು ತಾಸಿನ ದಾರಿ. ಅವಳು ಮೆಟ್ಟಿಲಿಳಿಯುತ್ತಲೇ ತಾನಾಜಿಗೆ ಫೋನು ಮಾಡಿದಳು. ಅವನು ಶೆಡ್ಡಿನಲ್ಲಿದ್ದ, ಮಗ್ಗಗಳ ಸದ್ದು ಅವಳ ಕಿವಿಗೇ ಬಡಿಯಿತು.

"ಬರ್ಸಿದ್ರು ರೀ," ಎಂದಳು. "ನಿಮ್ಮನ್ನ ಅಳಿಯ ಅಂತ ಬರ್ಸಿದ್ರು."

"ಕಾಯ? ಐಕೂ ಯೇತ ನಾಹೀ!" ಕೇಳಿಸುತ್ತಿಲ್ಲ ಎಂದು ಅವನು ಅತ್ತಿಂದ ಕಿರುಚಿದ.

ರಸ್ತೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಅವಳು ಅಳುತ್ತ, ಗಂಟಲು ಹರಿಯುವಂತೆ, ಅದನ್ನೇ ಮತ್ತೆ ಕೂಗಿ ಹೇಳಿದಳು.