ಸಾಹೇಬರ ಕೋಣೆಯ ದೀಪ

ಲಿಫ್ಟ್ ತಯಾರಿಸುವ ಆ ಕಂಪನಿಯ ಗೋಡೆಯ ಮೇಲೆ ‘ನಾವೆಲ್ಲ ಒಂದೇ ಮನೆಯವರು’ ಎಂಬ ಫಲಕವಿತ್ತು. ಆದರೆ ಆ ಮನೆಯ ನಿಜವಾದ ಕಾನೂನು ಯಾವ ಫಲಕದಲ್ಲೂ ಇರಲಿಲ್ಲ. ಸಾಹೇಬರ ಕೋಣೆಯ, ಒಳಗಿನದೇನೂ ಕಾಣದ ಹಾಲುಗಾಜಿನ ಹಿಂದೆ ದೀಪ ಉರಿಯುತ್ತಿರುವಷ್ಟು ಹೊತ್ತು ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ, ಅಷ್ಟೇ. ಇದನ್ನು ಯಾರು ಶುರು ಮಾಡಿದರೋ ದೇವರೇ ಬಲ್ಲ. ಸಾಹೇಬರಂತೂ ಬಾಯಿಬಿಟ್ಟು ಹೇಳಿದವರಲ್ಲ. ಒಮ್ಮೆ ಹೊಸಬಳೊಬ್ಬಳು ಹೊತ್ತಿಗೆ ಸರಿಯಾಗಿ ಚೀಲ ಹೆಗಲಿಗೇರಿಸಿದಾಗ, “ಏನ್ ಮೇಡಂ, ಅರ್ಧ ದಿನ ರಜೆನಾ?” ಎಂದು ಯಾರೋ ಕಿಚಾಯಿಸಿದರು. ಇಡೀ ಹಾಲ್ ನಕ್ಕಿತು. ಮಾರನೆಯ ದಿನದಿಂದ ಅವಳೂ ಕೂತಳು. ಕಾನೂನು ಕಲಿಸಲು ಇಷ್ಟು ಸಾಲದೇ!

ನಕ್ಷೆ ಬರೆಯುವವನನ್ನು ಅಲ್ಲಿ ಎಲ್ಲರೂ ‘ಸ್ಕೇಲು’ ಎನ್ನುತ್ತಿದ್ದರು. ಅಷ್ಟು ನೆಟ್ಟಗಿನ ಮನುಷ್ಯ. ಅವತ್ತು ಸಂಜೆ ಅವನ ತಂಗಿ ಫೋನ್ ಮಾಡಿದಳು.

“ಅಣ್ಣಾ, ಡಾಕ್ಟ್ರು ಕೈಚೆಲ್ಲಿಬಿಟ್ರು. ಅಮ್ಮ ನಿನ್ನೇ ಕೇಳ್ತಿದ್ದಾಳೆ, ಬೇಗ ಬಾರೋ.”

“ಹೊರಟೆ, ಈಗಲೇ ಹೊರಟೆ.”

ಹೊರಟೆ ಎಂದವನು ಹಾಲುಗಾಜಿನತ್ತ ನೋಡಿದ. ದೀಪ ಉರಿಯುತ್ತಿತ್ತು. ಬಾಗಿಲು ತಟ್ಟಿ ಹೇಳಿ ಹೋಗೋಣವೆಂದರೆ ಬಡ್ತಿಯ ಮಾತು ನಡೆದಿದ್ದ ಕಾಲ. ಪಕ್ಕದ ಮೇಜಿನ ಗೆಳೆಯ, “ಇನ್ನೇನು ಸಾಹೇಬ್ರು ಏಳ್ತಾರೆ, ಒಂಚೂರು ತಡ್ಕೋ” ಎಂದ. ಅವನೇನೂ ಕೆಟ್ಟವನಲ್ಲ; ತನ್ನ ಮಗು ಜ್ವರದಲ್ಲಿ ಸುಡುತ್ತಿದ್ದಾಗಲೂ ಹೀಗೇ ತಡೆದುಕೊಂಡು ಕೂತಿದ್ದವನು. ಸ್ಕೇಲು ತಡೆದುಕೊಂಡ. ಗೆರೆ ಎಳೆದ, ಅಳಿಸಿದ, ಮತ್ತೆ ಎಳೆದ. ಕಿಟಕಿಯಾಚೆ ಕತ್ತಲು ಕವಿಯಿತು. ಈ ಕಥೆ ಹೇಳುವ ನನಗೆ ಮೈ ಉರಿಯುವುದು ಇಲ್ಲೇ. ಹೊರಬಾಗಿಲಿಗೆ ಬೀಗವಿರಲಿಲ್ಲ, ತಡೆಯುವವರೂ ಇರಲಿಲ್ಲ.

ಕೊನೆಗೆ ಗುಡಿಸುವಾಕೆ ಪೊರಕೆ ಹಿಡಿದು ಬಂದು ಸಾಹೇಬರ ಬಾಗಿಲನ್ನು ದಬ್ಬಿದಳು. ಎಲ್ಲರೂ ಅತ್ತ ಕತ್ತು ಹೊರಳಿಸಿದರು. ಒಳಗೆ ಕುರ್ಚಿ ಖಾಲಿ.

“ಮಧ್ಯಾಹ್ನಾನೇ ಹಿಂದಿನ ಬಾಗಿಲಿಂದ ಹೋದ್ರಲ್ಲ! ಲೈಟ್ ಆರ್ಸೋದು ಮರೆತಿರ್ಬೇಕು,” ಎಂದಳು.

ಸ್ಕೇಲು ಓಡೋಡಿ ಮನೆ ಸೇರಿದಾಗ ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ತಂಗಿ ಅತ್ತು ಅತ್ತು ಸೋತಿದ್ದಳು.

“ಎಲ್ಲಿದ್ಯೋ ಅಣ್ಣಾ ಇಷ್ಟೊತ್ತು?”

“ಸಾಹೇಬ್ರ ರೂಮಲ್ಲಿ ಲೈಟ್ ಉರೀತಿತ್ತು ಕಣೇ” ಎಂದ.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನ ಮುಖವನ್ನೇ ನೋಡಿದಳು.

“ಅಮ್ಮನ ರೂಮಲ್ಲೂ ಉರೀತಿತ್ತು. ಕಣ್ಣಿಗೆ ಚುಚ್ಚುತ್ತೇನೋ, ಆರಿಸ್ಲಾ ಅಂತ ಕೇಳ್ದೆ. ಬೇಡ, ಅವನು ಬಂದ್ಬಿಡ್ಲಿ ಅಂದ್ಲು.”

ಅವನು ಅಮ್ಮನ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಆ ದೀಪ ಆರಿಸಲು ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ.